ನಾಟಕದಿಂದ ಚಿತ್ರಕಥೆಗೆ: ಕತ್ತರಿಯನ್ನು ಕೊನೆಗೆ ಹಿಡಿಯಿರಿ

ನಾಟಕವನ್ನು ಚಿತ್ರಕಥೆ ಮಾಡಲು ಹೊರಟವರಲ್ಲಿ ಬಹುಪಾಲು ಜನ ಎಡವುವುದು ಒಂದೇ ಜಾಗದಲ್ಲಿ. ಮೊದಲು ಕೂತು ಮಾತು ಕತ್ತರಿಸುತ್ತಾರೆ. ಉಳಿದ ಮಾತನ್ನು ಒಂದಿಷ್ಟು ಪಾರ್ಕಿಗೆ, ಒಂದಿಷ್ಟು ಕಾರಿಗೆ, ಒಂದಿಷ್ಟು ತಾರಸಿಗೆ ಹಂಚುತ್ತಾರೆ. ಸಿನಿಮಾ ಆಯ್ತು ಅಂದುಕೊಳ್ಳುತ್ತಾರೆ. ಓದಿದರೆ ಅದು ನಾಟಕವೂ ಅಲ್ಲ, ಸಿನಿಮಾನೂ ಅಲ್ಲ.

ಮೊದಲ ಸಲ ನಾನೂ ಹೀಗೇ ಮಾಡಿದ್ದೆ. ಒಂದು ಗಂಟೆಯ ನಾಟಕವನ್ನು ಎರಡು ಸಂಜೆಯಲ್ಲಿ ಮೂವತ್ತೈದು ಪುಟಕ್ಕೆ ಇಳಿಸಿ ಬೀಗುತ್ತಿದ್ದೆ. ಶೂಟಿಂಗಿನ ಮೂರನೇ ದಿನ ನಟಿ ಕೇಳಿದಳು, "ಈ ಡಬ್ಬಿಯಲ್ಲಿ ಏನಿದೆ ಅಂತ ಇವಳಿಗೆ ಹೇಗೆ ಗೊತ್ತು?" ಅದು ಗೊತ್ತಾಗುವ ಸಾಲನ್ನು ನಾನೇ ಸಂಬಂಧವಿಲ್ಲದ್ದು ಅಂತ ಹೊಡೆದುಹಾಕಿದ್ದೆ. ಕೊನೆಯ ದೃಶ್ಯ ಪೂರ್ತಿ ಆ ಒಂದು ಸಾಲಿನ ಮೇಲೆ ನಿಂತಿತ್ತು.

ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಮಾತು ಕತ್ತರಿಸುವುದು ಏಳನೇ ಹಂತ. ಅದಕ್ಕೂ ಮೊದಲು ಆರು ಕೆಲಸ ಇವೆ.

ಉದಾಹರಣೆಗೆ ಒಂದು ನಾಟಕವನ್ನು ಕಲ್ಪಿಸಿಕೊಳ್ಳೋಣ. ಹಳೇ ಮನೆಯ ಹಜಾರ. ಅಕ್ಕ ಅಲ್ಲೇ ವಾಸ. ಹತ್ತು ವರ್ಷ ಮುಖ ತೋರಿಸದ ತಮ್ಮ ಒಂದು ರಾತ್ರಿ ಬರುತ್ತಾನೆ. ಮನೆ ಮಾರುವ ಮಾತು ಏಳುತ್ತದೆ. ಎರಡು ಅಂಕ, ಒಂದೇ ರಾತ್ರಿ.

## ಬೇಕಾಗುವ ಸಾಮಾನು

ನಾಟಕದ ಎರಡು ಪ್ರತಿ. ಒಂದು ಗೀಚಲು, ಇನ್ನೊಂದು ಮುಟ್ಟದೆ ಇಡಲು. ಮೂರು ಬಣ್ಣದ ಪೆನ್ನು. ಅಂಗೈ ಅಗಲದ ಖಾಲಿ ಕಾರ್ಡು ಒಂದು ಕಟ್ಟು. ಸ್ಟಾಪ್‌ವಾಚ್, ಮೊಬೈಲ್ ಕ್ಯಾಮೆರಾ. ಚಿತ್ರಕಥೆಯ ಅಳತೆಯಲ್ಲಿ ಪುಟ ಕೂರಿಸುವ ಯಾವುದಾದರೂ ಸಾಫ್ಟ್‌ವೇರ್, ಉಚಿತದ್ದೇ ಸಾಕು. ಆ ಅಳತೆಯಲ್ಲಿ ಒಂದು ಪುಟಕ್ಕೆ ಸುಮಾರು 1 ನಿಮಿಷ ಎಂಬ ಲೆಕ್ಕವಿದೆ. ನಾಟಕದ ಪುಸ್ತಕಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೇ ಸ್ಟಾಪ್‌ವಾಚ್.

## ಹಂತ 1: ಹಕ್ಕನ್ನು ಬರಹದಲ್ಲಿ ತೆಗೆದುಕೊಳ್ಳಿ

ನಾಟಕ ಆಡಲು ಕೊಟ್ಟ ಅನುಮತಿ ಬೇರೆ, ಸಿನಿಮಾ ಮಾಡುವ ಹಕ್ಕು ಬೇರೆ. ನಿಮ್ಮ ತಂಡ ಐವತ್ತು ಪ್ರದರ್ಶನ ಕೊಟ್ಟಿರಬಹುದು, ಅದರಿಂದ ಸಿನಿಮಾ ಹಕ್ಕು ಬರುವುದಿಲ್ಲ.

ನೀವು ಓದುತ್ತಿರುವುದು ಅನುವಾದವಾದರೆ ಮೂಲ ಲೇಖಕರ ಜೊತೆ ಅನುವಾದಕರದ್ದೂ ಒಪ್ಪಿಗೆ ಬೇಕು. ಪ್ರದರ್ಶನಕ್ಕೆಂದು ಕಟ್ಟಿದ ಹಾಡುಗಳಿದ್ದರೆ ಸಂಗೀತ ಮಾಡಿದವರದ್ದು ಇನ್ನೊಂದು. ಲೇಖಕರು ತೀರಿಕೊಂಡಿದ್ದಾರೆ ಎಂದ ಮಾತ್ರಕ್ಕೆ ಹಕ್ಕು ತೀರುವುದಿಲ್ಲ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಪ್ರಕಾರ ಲೇಖಕರ ನಿಧನದ ನಂತರ ಕನಿಷ್ಠ 50 ವರ್ಷ ಹಕ್ಕು ಉಳಿಯುತ್ತದೆ. ಎಷ್ಟೋ ದೇಶಗಳು ಅದನ್ನು 70ಕ್ಕೆ ಏರಿಸಿವೆ.

ಕರಾರಿನಲ್ಲಿ ನಾಲ್ಕು ವಿಷಯ ಕಾಣಲೇಬೇಕು: ಯಾವ ಭಾಷೆ, ಯಾವ ಮಾಧ್ಯಮ, ಎಷ್ಟು ವರ್ಷ, ಎಷ್ಟರ ಮಟ್ಟಿಗೆ ಬದಲಾಯಿಸಬಹುದು. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಜಗಳ ಆಗುವುದೂ ಅದಕ್ಕೇ.

ಎಚ್ಚರಿಕೆಯ ಗುರುತು: "ಅವರು ನಮ್ಮವರೇ, ಏನೂ ಅನ್ನಲ್ಲ ಬಿಡಿ" ಎಂದು ಯಾರಾದರೂ ಅಂದರೆ ಅಲ್ಲಿಗೇ ಕೆಲಸ ನಿಲ್ಲಿಸಿ.

## ಹಂತ 2: ಮೂರು ಓದು, ಮೂರು ಬಣ್ಣ

ಮೊದಲ ಓದು ಸುಮ್ನೆ ಓದುಗನಾಗಿ. ಪೆನ್ನು ಮುಟ್ಟಬೇಡಿ. ಎರಡನೆಯದು ಜೋರಾಗಿ, ಸ್ಟಾಪ್‌ವಾಚ್ ಹಿಡಿದು. ಪ್ರತಿ ಪ್ರವೇಶಕ್ಕೆ, ಪ್ರತಿ ನಿರ್ಗಮನಕ್ಕೆ ಸಮಯ ಬರೆದುಕೊಳ್ಳಿ.

ಮೂರನೆಯದರಲ್ಲಿ ಬಣ್ಣ. ಸುದ್ದಿ ತಿಳಿಸುವ ಮಾತಿಗೆ ಕೆಂಪು: "ಅಪ್ಪ ಹೋಗಿ ಎಂಟು ವರ್ಷ ಆಯ್ತು." ಎದುರಿನವರ ಮೇಲೆ ಏನನ್ನೋ ಸಾಧಿಸಲು ಆಡುವ ಮಾತಿಗೆ ನೀಲಿ: "ಕೂತ್ಕೋ, ಊಟ ಆಮೇಲೆ ಮಾಡಿದ್ರಾಯ್ತು." ಕಿವಿಗೆ ಇಂಪಾಗಿದ್ದು, ತೆಗೆದರೂ ಕಥೆ ಬೀಳದ ಮಾತಿಗೆ ಹಸಿರು.

ರಂಗದ ಮೇಲೆ ಕೆಂಪು ಜಾಸ್ತಿ ಇರುತ್ತದೆ. ಅದು ಲೇಖಕರ ತಪ್ಪಲ್ಲ. ಹಿಂದಿನ ಸಾಲಿನಲ್ಲಿ ಕೂತವನಿಗೆ ಪಾತ್ರದ ಬೆರಳು ನಡುಗುವುದು ಕಾಣುವುದಿಲ್ಲ, ಮಾತಿನಲ್ಲೇ ಹೇಳಬೇಕು. ಕ್ಯಾಮೆರಾಗೆ ಬೆರಳೂ ಕಾಣುತ್ತದೆ. ಮುಂದೆ ಕೆಂಪಿನ ಹೆಚ್ಚಿನ ಪಾಲು ಚಿತ್ರವಾಗಿ ಬದಲಾಗಬೇಕು. ಆದರೆ ಈಗಲೇ ಅಲ್ಲ.

ಒಂದು ಸಲಹೆ: ಈ ಹಂತದಲ್ಲಿ ನಾಟಕದ ವಿಡಿಯೊ ನೋಡಬೇಡಿ. ಆ ನಿರ್ದೇಶಕರು ಯಾರನ್ನು ಎಲ್ಲಿ ನಿಲ್ಲಿಸಿದ್ದರೋ ಅದು ಕಣ್ಣಿಗೆ ಅಂಟಿಕೊಂಡುಬಿಡುತ್ತದೆ. ಆಮೇಲೆ ಕೆರೆದರೂ ಹೋಗದು.

## ಹಂತ 3: ವಿಂಗಿನ ಆಚೆ ಏನು ನಡೆಯಿತು?

ನಾಟಕದಲ್ಲಿ ಎಷ್ಟೋ ದೊಡ್ಡ ಸಂಗತಿಗಳು ಸೈಡ್ ವಿಂಗಿನ, ಅಂದರೆ ರಂಗದ ಪಕ್ಕದ ಮರೆಯ, ಆಚೆ ನಡೆಯುತ್ತವೆ. ಯಾರೋ ಓಡಿ ಬಂದು ಹೇಳುತ್ತಾರೆ. ಗ್ರೀಕ್ ದುರಂತ ನಾಟಕಗಳಲ್ಲಿ ಇದು ಪದ್ಧತಿಯೇ ಆಗಿತ್ತು. ಈಡಿಪಸ್ ಕಣ್ಣು ಚುಚ್ಚಿಕೊಂಡದ್ದು ದೂತನ ಬಾಯಲ್ಲಿ ಬರುತ್ತದೆ.

ಅಂಥ ಸಂಗತಿಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಒಂದು ಕಾರ್ಡು. ನಮ್ಮ ನಾಟಕದಲ್ಲಿ: ಅಪ್ಪನ ಕೊನೆಯ ದಿನಗಳು, ತಮ್ಮ ಮನೆ ಬಿಟ್ಟ ರಾತ್ರಿ, ಅಕ್ಕ ಮಾಡಿದ ಸಾಲ, ದಲ್ಲಾಳಿಯ ಜೊತೆ ತಮ್ಮ ಆಡಿದ ಮಾತು.

ಈಗ ಪ್ರತಿ ಕಾರ್ಡಿಗೂ ಒಂದು ಪ್ರಶ್ನೆ. ಇದನ್ನು ತೋರಿಸಿದರೆ ಕಥೆಗೆ ಬಲ ಬರುತ್ತದೋ, ಇಲ್ಲ ಬಲ ಹೋಗುತ್ತದೋ? ದಲ್ಲಾಳಿಯ ಜೊತೆ ತಮ್ಮ ಮೊದಲೇ ಮಾತಾಡಿಕೊಂಡಿದ್ದಾನೆ ಎಂದು ತೋರಿಸಿಬಿಟ್ಟರೆ, ಹಜಾರದಲ್ಲಿ ಅವನಾಡುವ ಪ್ರತಿ ಸಿಹಿ ಮಾತಿನಲ್ಲೂ ನೋಡುವವರಿಗೆ ಮುಳ್ಳು ಕಾಣುತ್ತದೆ. ಅದು ಲಾಭ. ಮನೆ ಬಿಟ್ಟ ರಾತ್ರಿಯನ್ನು ತೋರಿಸಿದರೆ? ಅಕ್ಕ ಹೇಳುವುದೊಂದು, ತಮ್ಮ ಹೇಳುವುದೊಂದು. ಇಬ್ಬರಲ್ಲಿ ಯಾರು ನಿಜ ಎಂಬುದೇ ನಾಟಕದ ಜೀವ. ತೋರಿಸಿದ ಗಳಿಗೆಯಲ್ಲಿ ತೀರ್ಪು ಬಂದುಬಿಡುತ್ತದೆ. ಆ ಕಾರ್ಡನ್ನು ಹರಿದುಹಾಕಿ.

ಸಾಮಾನ್ಯ ತಪ್ಪು: ಹೇಳಿದ್ದನ್ನೆಲ್ಲ ಫ್ಲ್ಯಾಶ್‌ಬ್ಯಾಕ್ ಮಾಡುವುದು. ಪಾತ್ರ ಮಾತಾಡುತ್ತಲೇ ಇರುತ್ತದೆ, ಹಿಂದೆ ಅದೇ ಸಂಗತಿ ಚಿತ್ರವಾಗಿ ಓಡುತ್ತಿರುತ್ತದೆ. ಒಂದೇ ಸುದ್ದಿಯನ್ನು ಎರಡು ಸಲ ಕೊಟ್ಟಂತೆ. ಅದರಿಂದ ನೋಡುವವರು ಆ ಮಾತು ಕೇಳುತ್ತಿರುವವರ ಮುಖವನ್ನು ಕಳೆದುಕೊಳ್ಳುತ್ತಾರೆ.

## ಹಂತ 4: ಯಾರ ಜೊತೆ ನಿಲ್ಲುತ್ತೀರಿ?

ನಾಟಕ ನೋಡುವವರು ಯಾರನ್ನು ನೋಡಬೇಕು ಎಂಬುದನ್ನು ತಾವೇ ಆರಿಸಿಕೊಳ್ಳುತ್ತಾರೆ. ಮಾತಾಡುವವನನ್ನು ಬಿಟ್ಟು ಮೂಲೆಯಲ್ಲಿ ಬಟ್ಟೆ ಮಡಚುವವಳನ್ನು ನೋಡಬಹುದು. ಸಿನಿಮಾದಲ್ಲಿ ಆ ಆಯ್ಕೆ ನಿಮ್ಮದು. ಅದನ್ನು ಬರೆಯುವಾಗಲೇ ಮಾಡದಿದ್ದರೆ ಕ್ಯಾಮೆರಾ ನಾಟಕಶಾಲೆಯ ನಡುವಿನ ಸೀಟಿನಲ್ಲಿ ಹೋಗಿ ಕೂತುಕೊಳ್ಳುತ್ತದೆ. ಎಲ್ಲರೂ ಕಾಣುತ್ತಾರೆ, ಯಾರೂ ಹತ್ತಿರವಾಗುವುದಿಲ್ಲ. ಸಿಸಿಟಿವಿ ನೋಡಿದ ಹಾಗೆ.

ಪ್ರತಿ ದೃಶ್ಯಕ್ಕೂ ಒಂದು ಕಾರ್ಡು ಮಾಡಿ, ಅದರ ಮೇಲೆ ಒಂದೇ ಹೆಸರು ಬರೆಯಿರಿ: ಈ ದೃಶ್ಯ ಯಾರದು? ಜಾಸ್ತಿ ಮಾತಾಡುವವರದ್ದೇ ಆಗಬೇಕಿಲ್ಲ. ಎಷ್ಟೋ ಸಲ ಮಾತು ಕೇಳಿ ಬದಲಾಗುವವರದು. ತಮ್ಮನ ಎರಡು ಪುಟದ ಭಾಷಣವನ್ನು ಅಕ್ಕನ ಮುಖದ ಮೇಲೆ ಕೇಳಿಸಿದರೆ ಅದು ಬೇರೆಯದೇ ದೃಶ್ಯ. ಆಗ ಭಾಷಣ ಅರ್ಧಕ್ಕೆ ಸಾಕು ಅಂತ ತಾನಾಗಿ ಗೊತ್ತಾಗುತ್ತದೆ. ಕತ್ತರಿ ಕೊನೆಗಿರಲಿ ಅಂದದ್ದು ಇದಕ್ಕೇ. ಯಾರ ಮುಖ ತೋರಿಸುತ್ತೀರಿ ಎಂದು ತೀರ್ಮಾನವಾಗುವ ಮೊದಲು, ಯಾವ ಮಾತು ಬೇಡ ಎಂದು ಹೇಳಲು ಬರುವುದಿಲ್ಲ.

ಎಚ್ಚರಿಕೆಯ ಗುರುತು: ಸಾಲುಸಾಲಾಗಿ ಎಲ್ಲ ಕಾರ್ಡಿನ ಮೇಲೂ "ಇಬ್ಬರದೂ" ಎಂದು ಬರೆದಿದ್ದೀರಾ? ಹಾಗಾದರೆ ನೀವಿನ್ನೂ ಏನೂ ತೀರ್ಮಾನ ಮಾಡಿಲ್ಲ.

## ಹಂತ 5: ಗೋಡೆ ಒಡೆಯುವ ಮುಂಚೆ ಕಾರಣ ಕೇಳಿಕೊಳ್ಳಿ

"ಒಂದೇ ರೂಮಿನಲ್ಲಿ ಇದೆಯಲ್ಲ, ಸ್ವಲ್ಪ ಹೊರಗೆ ತನ್ನಿ" ಎಂಬ ಸಲಹೆ ನಿಮಗೆ ಬಂದೇ ಬರುತ್ತದೆ, ಅದೂ ಬೇಗ. ಪೂರ್ತಿ ಕೆಟ್ಟ ಸಲಹೆಯೂ ಅಲ್ಲ. ಆದರೆ ಪಾತ್ರಗಳು ಬೀದಿಗೆ ಬಂದು ಹಜಾರದಲ್ಲಿ ಆಡಬೇಕಿದ್ದ ಮಾತನ್ನೇ ಆಡಿದರೆ ಬದಲಾದದ್ದು ಖರ್ಚು ಮಾತ್ರ.

ರೂಮು ಸುಮ್ನೆ ಇರುವುದಿಲ್ಲ. ಅದು ಪಾತ್ರಗಳನ್ನು ಹಿಡಿದಿಟ್ಟಿರುತ್ತದೆ. ಜಗಳವಾಡಿದವರು ಎದ್ದು ಹೋಗಲಾರರು, ಮತ್ತೆ ಅದೇ ಕುರ್ಚಿಗೆ ಬರಬೇಕು. ಬಾಗಿಲು ತೆರೆದರೆ ಆ ಒತ್ತಡ ಹೊರಗೆ ಸೋರಿಹೋಗುತ್ತದೆ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ 1954ರಲ್ಲಿ ಒಂದು ಕೊಲೆ ಸಂಚಿನ ನಾಟಕವನ್ನು ತೆರೆಗೆ ತಂದಾಗ ಕಥೆಯನ್ನು ಬಹುಪಾಲು ಒಂದೇ ಮನೆಯೊಳಗೇ ಇಟ್ಟರು. ಬೇಕೆಂದೇ ಇಟ್ಟದ್ದು.

ಒಂದೇ ಕೋಣೆಯಲ್ಲೂ ಕ್ಯಾಮೆರಾಗೆ ಬೇಕಾದಷ್ಟು ಕೆಲಸವಿದೆ. ಟಿವಿ ನಾಟಕವಾಗಿ ಹುಟ್ಟಿದ ಹನ್ನೆರಡು ನ್ಯಾಯದರ್ಶಿಗಳ ಕಥೆಯನ್ನು ಸಿಡ್ನಿ ಲುಮೆಟ್ 1957ರಲ್ಲಿ ಸಿನಿಮಾ ಮಾಡಿದರು. ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ, ಕೊನೆಯ ಭಾಗದಲ್ಲಿ ಕೆಳಗೆ. ಜೊತೆಗೆ ಲೆನ್ಸ್ ಹಂತಹಂತವಾಗಿ ಉದ್ದವಾಗುತ್ತಾ (ದೂರದ್ದನ್ನು ಹತ್ತಿರ ತೋರಿಸುವ ಬಗೆಯದಾಗುತ್ತಾ) ಹೋಯಿತು, ಗೋಡೆಗಳು ಹತ್ತಿರ ಬಂದಂತೆ ಕಂಡವು. ಕೊನೆಕೊನೆಗೆ ತಾರಸಿಯ ಒಳಮೈಯೂ ಕಾಣತೊಡಗಿತು. ಕೋಣೆ ಅದೇ, ಅದರೊಳಗಿನ ಉಸಿರು ಮಾತ್ರ ಕಡಿಮೆಯಾಗುತ್ತಾ ಹೋಯಿತು.

ಹೊರಗೆ ಹೋಗಲೇಬೇಕೆಂದರೆ ಎರಡು ಪರೀಕ್ಷೆ. ಹೊರಗೆ ಹೋದದ್ದರಿಂದ ಹಜಾರದಲ್ಲಿ ಸಿಗದ ಏನಾದರೂ ಸಿಕ್ಕಿತೇ? ವಾಪಸ್ ಬಂದಾಗ ಹಜಾರ ಬೇರೆ ಥರ ಕಂಡಿತೇ? ಎರಡಕ್ಕೂ ಹೌದು ಎಂದರೆ ಹೋಗಿ. ನಮ್ಮ ನಾಟಕದಲ್ಲಿ ನಾನು ಒಮ್ಮೆ ಮಾತ್ರ ಹೊರಗೆ ಹೋಗುತ್ತೇನೆ. ನಡುರಾತ್ರಿ ಅಕ್ಕ ಗೇಟಿನ ಹತ್ತಿರ ಬಂದು, ಬೆಳಕಿರುವ ಕಿಟಕಿಯ ಮೂಲಕ ತಮ್ಮನನ್ನು ನೋಡುತ್ತಾಳೆ. ಅವನು ಒಬ್ಬನೇ ಗೋಡೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದಾನೆ. ಮಾತಿಲ್ಲ.

ಇನ್ನೊಂದು ಮಾತು. ರಂಗದ ಮೇಲೆ ಎಲ್ಲರೂ ಆ ಒಂದು ಕೋಣೆಗೇ ಬರುತ್ತಾರೆ. ಸಾಲ ಕೊಟ್ಟವನು, ಪಕ್ಕದ ಮನೆಯವರು, ದಲ್ಲಾಳಿ, ಸಾಲಾಗಿ. ನಾಟಕದಲ್ಲಿ ಅದನ್ನು ನಂಬುತ್ತೇವೆ. ನಿಜವಾದ ಮನೆ, ನಿಜವಾದ ಬಾಗಿಲು ಕಂಡ ಮೇಲೆ ನಂಬುವುದು ಕಷ್ಟ. ಪ್ರತಿ ಪ್ರವೇಶಕ್ಕೂ "ಇವನು ಈಗಲೇ ಯಾಕೆ ಬಂದ?" ಎಂದು ಕೇಳಿ. ಉತ್ತರ ಇಲ್ಲದ ಪ್ರವೇಶವನ್ನು ಫೋನ್ ಕರೆಯಾಗಿಯೋ, ಮೊದಲಿಂದಲೇ ಮನೆಯಲ್ಲಿರುವ ಪಾತ್ರವಾಗಿಯೋ ಬದಲಾಯಿಸಿ.

## ಹಂತ 6: ಉದ್ದನೆಯ ದೃಶ್ಯವನ್ನು ತಿರುವಿನಲ್ಲಿ ಮುರಿಯಿರಿ

ನಾಟಕದ ಒಂದು ದೃಶ್ಯ ಇಪ್ಪತ್ತೈದು ನಿಮಿಷ ಓಡಬಹುದು. ಸಿನಿಮಾದಲ್ಲಿ ಅದನ್ನು ಹಾಗೇ ಇಡಬಹುದು, ಆದರೆ ಅದಕ್ಕೆ ಎದೆಗಾರಿಕೆಯ ಜೊತೆ ಗಟ್ಟಿ ಕಾರಣವೂ ಬೇಕು. ಹಿಚ್‌ಕಾಕ್ 1948ರಲ್ಲಿ ಇನ್ನೊಂದು ನಾಟಕವನ್ನು ಹತ್ತು ನಿಮಿಷದವರೆಗಿನ ಉದ್ದುದ್ದ ಟೇಕ್‌ಗಳಲ್ಲಿ ತೆಗೆದರು. ಆ ಮಿತಿ ಬಂದದ್ದು ಕ್ಯಾಮೆರಾದೊಳಗೆ ಹಿಡಿಯುವ ಫಿಲ್ಮ್ ರೋಲಿನ ಉದ್ದದಿಂದ. ಆಮೇಲೆ ಅದನ್ನು ತಾನು ಮಾಡಿದ ಒಂದು ಕಸರತ್ತು ಎಂಬರ್ಥದಲ್ಲಿ ಅವರೇ ಮಾತಾಡಿದ್ದಾರೆ. ಕಟ್ ಮಾಡದೆ ತೆಗೆದರೆ ನಾಟಕಕ್ಕೆ ನಿಷ್ಠರಾದೆವು ಎಂಬುದು ಭ್ರಮೆ.

ಮುರಿಯುವುದು ಎಲ್ಲಿ? ಗಡಿಯಾರ ನೋಡಿ ಮುರಿಯಬೇಡಿ. ಇಬ್ಬರ ನಡುವಿನ ತಕ್ಕಡಿ ಯಾವಾಗ ವಾಲಿತು ಎಂದು ನೋಡಿ. ಬಂದ ತಮ್ಮನಿಗೆ ಅಕ್ಕ ನೀರು ಕೊಟ್ಟಳು, ಅಲ್ಲಿವರೆಗೆ ಅವಳದೇ ಮೇಲುಗೈ. ಸಾಲದ ವಿಷಯ ಅವನಿಗೆ ಗೊತ್ತಿದೆ ಎಂದಾದ ಕ್ಷಣ ವಾಲಿತು. ಅಲ್ಲಿ ಒಂದು ಗೆರೆ. ಪ್ರತಿ ತುಂಡೂ ಒಂದು ಕಾರ್ಡು. ನೆಲದ ಮೇಲೆ ಹರಡಿ ನೋಡಿ. ಕೆಲವು ಕಾರ್ಡು ಹಿಂದೆಮುಂದೆ ಆಗಬೇಕು ಅನಿಸುತ್ತದೆ, ಮಾಡಿ.

ಮಧ್ಯಂತರದ ಪರದೆ ಬೀಳುವಾಗಿನ ಘೋಷಣೆಯಂಥ ಸಾಲು ಇರುತ್ತದಲ್ಲ, ಅದು ಪರದೆಗಾಗಿ ಬರೆದದ್ದು. ಪರದೆ ಇಲ್ಲದ ಮೇಲೆ ಅದು ಗಾಳಿಯಲ್ಲಿ ನೇತಾಡುತ್ತದೆ.

## ಹಂತ 7: ಈಗ ಕತ್ತರಿ

ಬಣ್ಣದ ಪ್ರತಿ ತೆಗೆಯಿರಿ. ಕೆಂಪಿನಿಂದ ಶುರು ಮಾಡಿ. ನಾಟಕದಲ್ಲಿ ತಮ್ಮ ಬಂದ ತಕ್ಷಣ ಅಕ್ಕ ಹೀಗೆನ್ನುತ್ತಾಳೆ ಅಂದುಕೊಳ್ಳಿ:

"ಹತ್ತು ವರ್ಷ ಆಯ್ತು ನೀನು ಈ ಮನೆಗೆ ಕಾಲಿಟ್ಟು. ಅಪ್ಪ ಹೋದಾಗಲೂ ಬರಲಿಲ್ಲ. ಇಲ್ಲಿ ಏನೇನು ಬದಲಾಗಿದೆ ಅಂತ ನಿನಗೆ ಗೊತ್ತಾ? ನಾನೊಬ್ಬಳೇ ಎಲ್ಲ ನೋಡ್ಕೊಂಡೆ."

ರಂಗದ ಮೇಲೆ ಚೆನ್ನಾಗಿ ನಡೆಯುತ್ತದೆ. ಚಿತ್ರಕಥೆಯಲ್ಲಿ ನಾನು ಹೀಗೆ ಬರೆಯುತ್ತೇನೆ:

ಕತ್ತಲು. ಬಾಗಿಲು ತೆರೆದುಕೊಳ್ಳುತ್ತದೆ. ತಮ್ಮ ಒಳಗೆ ಬಂದು, ನೋಡದೆಯೇ ಬಲಗೈಯನ್ನು ಗೋಡೆಗೆ ಚಾಚುತ್ತಾನೆ. ಅಲ್ಲಿ ಸ್ವಿಚ್ ಇಲ್ಲ. ಕೈ ಗೋಡೆಯನ್ನು ತಡಕಾಡುತ್ತದೆ. ಮುಚ್ಚಿದ ಗಾರೆಯ ಗುರುತು ಬೆರಳಿಗೆ ಸಿಗುತ್ತದೆ. ಎದುರು ಗೋಡೆಯ ಕಡೆಯಿಂದ ಟಕ್ ಎಂದು ದೀಪ ಹೊತ್ತಿಕೊಳ್ಳುತ್ತದೆ. ಅಕ್ಕ ನಿಂತಿದ್ದಾಳೆ.

"ಅದನ್ನ ಇಲ್ಲಿಗೆ ಹಾಕಿಸಿ ಎಂಟು ವರ್ಷ ಆಯ್ತು."

ನಾಲ್ಕು ವಾಕ್ಯದ ಜಾಗದಲ್ಲಿ ಒಂದು. ಅವನಿಗೆ ಈ ಮನೆ ಕೈಯಳತೆಯಲ್ಲಿ ನೆನಪಿದೆ, ಮನೆ ಮಾತ್ರ ಅವನಿಗೆ ಕಾದು ಕೂತಿಲ್ಲ. ಗಮನಿಸಿ, ಅಪ್ಪನ ಸುದ್ದಿ ಇಲ್ಲಿ ಬರಲೇ ಇಲ್ಲ. ಎಲ್ಲವನ್ನೂ ಒಂದೇ ಶಾಟಿಗೆ ತುರುಕಬಾರದು. ಅದಕ್ಕೆ ಬೇರೆ ಕಾರ್ಡು ಇದೆ.

ನೀಲಿ ಮಾತನ್ನು ಮುಟ್ಟಲು ಅವಸರ ಬೇಡ. ಅದೇ ನಾಟಕದ ಬೆನ್ನೆಲುಬು. ಸಿನಿಮಾ ಎಂದರೆ ಮೌನ ಎಂದು ತಿಳಿದು ಒಳ್ಳೆಯ ಜಗಳವನ್ನು ಕೊಂದವರನ್ನು ಬೇಕಾದಷ್ಟು ನೋಡಿದ್ದೇನೆ. ಮಾತು ಜಾಸ್ತಿ ಇರುವುದು ರೋಗವಲ್ಲ, ಕೆಲಸವಿಲ್ಲದ ಮಾತು ಇರುವುದು ರೋಗ.

ಹಸಿರು? ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಇಲ್ಲೇ. ಒಂದೆರಡು ಉಳಿಸಿಕೊಳ್ಳಿ, ಪಾತ್ರಕ್ಕೆ ಹಾಗೆ ಮಾತಾಡುವ ಚಾಳಿ ಇದ್ದರೆ ಮಾತ್ರ. ಉಳಿದದ್ದು ಮುಟ್ಟದೆ ಇಟ್ಟ ಎರಡನೇ ಪ್ರತಿಯಲ್ಲಿ ಕ್ಷೇಮವಾಗಿರುತ್ತದೆ.

ಪ್ರತಿ ಸಾಲು ಹೊಡೆಯುವಾಗಲೂ ಅಂಚಿನಲ್ಲಿ ಬರೆಯಿರಿ: ಇದರಲ್ಲಿದ್ದ ಸುದ್ದಿ ಈಗ ಯಾವ ಕಾರ್ಡಿನಲ್ಲಿದೆ? ನನ್ನ ಡಬ್ಬಿಯ ಕಥೆ ಮತ್ತೆ ಆಗದಿರಲು ಇದೊಂದೇ ದಾರಿ.

## ಹಂತ 8: ಸ್ವಗತ, ಸೂತ್ರಧಾರ, ಮೇಳ, ನಗೆಗೆ ಬಿಟ್ಟ ಜಾಗ

ಸ್ವಗತಕ್ಕೆ ನಾಲ್ಕು ದಾರಿ ಇವೆ. ಪಾತ್ರ ನೇರ ಕ್ಯಾಮೆರಾ ನೋಡಿ ಮಾತಾಡುವುದು. ಹಿನ್ನೆಲೆ ದನಿ. ಎದುರಿಗೆ ಕೇಳುವವರೊಬ್ಬರನ್ನು ಇಡುವುದು. ಮಾತು ಪೂರ್ತಿ ಬಿಟ್ಟು ಕೆಲಸದಲ್ಲಿ ತೋರಿಸುವುದು. ಎಲ್ಲರೂ ಹಿನ್ನೆಲೆ ದನಿಗೆ ಕೈ ಹಾಕುತ್ತಾರೆ, ಯಾಕೆಂದರೆ ಬರೆಯಬೇಕಾದ್ದೇ ಇಲ್ಲ, ಎತ್ತಿ ಅಂಟಿಸಿದರೆ ಮುಗಿಯಿತು. ನಾನು ಮೊದಲು ನಾಲ್ಕನೆಯದನ್ನು ಯತ್ನಿಸುತ್ತೇನೆ. ಆಗದಿದ್ದರೆ ಮೂರನೆಯದು.

ಸೂತ್ರಧಾರನನ್ನೋ ಮೇಳವನ್ನೋ ಉಳಿಸಿಕೊಳ್ಳುವುದಾದರೆ ಮೊದಲ ಐದು ನಿಮಿಷದೊಳಗೆ ತೋರಿಸಿ. ನಿಜದಂತೆ ಕಾಣುವ ಮನೆಯಲ್ಲಿ ಅರ್ಧ ಗಂಟೆ ಕಳೆದ ಮೇಲೆ ಇದ್ದಕ್ಕಿದ್ದಂತೆ ಮೇಳ ಬಂದರೆ ನೋಡುವವರು ಒಪ್ಪುವುದಿಲ್ಲ. ಆಟದ ನಿಯಮವನ್ನು ಆಟದ ನಡುವೆ ಬದಲಾಯಿಸಿದ ಹಾಗಾಗುತ್ತದೆ.

ಹಾಸ್ಯ ನಾಟಕಗಳಲ್ಲಿ ನಗೆಗೆಂದು ಜಾಗ ಬಿಟ್ಟಿರುತ್ತಾರೆ. ಪಂಚ್ ಸಾಲು, ಆಮೇಲೆ ಅದರದೇ ಬಾಲ, ಮತ್ತೊಂದು ಬಾಲ. ಎದುರಿಗೆ ಜನ ನಗುತ್ತಿರುವಾಗ ಸರಿ. ಕ್ಯಾಮೆರಾ ನಗುವುದಿಲ್ಲ. ಬಾಲಗಳನ್ನು ತೆಗೆಯಿರಿ, ಎದುರಿನ ಪಾತ್ರದ ಮುಖಕ್ಕೆ ಕಟ್ ಮಾಡಿ.

## ಹಂತ 9: ರಂಗದ ನಟರೇ ಮಾಡುವುದಾದರೆ

ಪಾತ್ರ ಅವರಿಗೆ ನೂರು ಸಲ ಗೊತ್ತಿದೆ. ಲಾಭವೂ ಅದೇ, ತೊಂದರೆಯೂ ಅದೇ. ಕೊನೆಯ ಸಾಲಿನವರೆಗೆ ಮುಟ್ಟಿಸಿ ಅಭ್ಯಾಸವಾದ ದನಿ, ಎರಡಡಿ ದೂರದ ಮೈಕಿಗೆ ದೊಡ್ಡದಾಗುತ್ತದೆ. "ಸಣ್ಣದು ಮಾಡಿ" ಎಂದು ಹೇಳುತ್ತಾ ಹೋದರೆ ನಟನೆಯ ಜೀವವೂ ಸಣ್ಣದಾಗುತ್ತದೆ. ಅದರ ಬದಲು ಇಬ್ಬರನ್ನೂ ಒಂದು ಪುಟ್ಟ ಮೇಜಿನ ಆಚೀಚೆ ಕೂರಿಸಿ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ, ಎಚ್ಚರ ಆಗಬಾರದು ಎಂದು ಹೇಳಿ ಓದಿಸಿ. ದನಿ ಇಳಿಯುತ್ತದೆ, ಒಳಗಿನ ಬಿಸಿ ಉಳಿಯುತ್ತದೆ.

ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ ಎಂಬುದಕ್ಕೂ ಅವರನ್ನು ತಯಾರು ಮಾಡಬೇಕು. ಒಂದೇ ಲೊಕೇಷನ್ ಇದ್ದರೆ ಆದಷ್ಟು ಕ್ರಮದಲ್ಲೇ ತೆಗೆಯಿರಿ. ನಾಟಕದಿಂದ ಬಂದ ಸಿನಿಮಾಕ್ಕೆ ಸಿಗುವ ಅಪರೂಪದ ಅನುಕೂಲ ಅದು.

## ಹಂತ 10: ಎರಡು ಪರೀಕ್ಷೆ, ಒಂದು ಮೊಬೈಲ್

ಬರೆದ ಮೇಲೆ ಅತಿ ಕಷ್ಟದ ಒಂದು ದೃಶ್ಯ ಆರಿಸಿ. ಯಾರಾದರೂ ಇಬ್ಬರನ್ನು ಹಿಡಿದು ಮೊಬೈಲಿನಲ್ಲಿ ತೆಗೆಯಿರಿ. ಬೆಳಕು, ವೇಷ ಯಾವುದೂ ಬೇಡ.

ಮೊದಲು ಸದ್ದು ಬಂದ್ ಮಾಡಿ ನೋಡಿ. ಯಾರು ಯಾರಿಂದ ಏನು ಬಯಸುತ್ತಿದ್ದಾರೆ, ಯಾರು ಗೆದ್ದರು ಎಂಬುದಿಷ್ಟು ಗೊತ್ತಾಗಬೇಕು. ಆಮೇಲೆ ಪರದೆ ಕವುಚಿಟ್ಟು ಬರೀ ಸದ್ದು ಕೇಳಿ. ಏನೂ ನೋಡದೆಯೇ ಎಲ್ಲ ಅರ್ಥವಾಗಿಬಿಟ್ಟರೆ ನೀವು ಬರೆದದ್ದು ರೇಡಿಯೊ ನಾಟಕ, ಏಳನೇ ಹಂತಕ್ಕೆ ವಾಪಸ್. ಸದ್ದು ಬಂದ್ ಮಾಡಿದಾಗ ಇಬ್ಬರು ಸುಮ್ನೆ ನಿಂತು ಬಾಯಿ ಆಡಿಸುತ್ತಿರುವಂತೆ ಕಂಡರೆ ಇನ್ನೂ ಹಿಂದೆ, ನಾಲ್ಕಕ್ಕೆ.

ನಾಟಕ ನೋಡಿಯೇ ಇಲ್ಲದ ಒಬ್ಬರಿಗೂ ಪ್ರತಿ ಓದಲು ಕೊಡಿ. ನಾಟಕ ಗೊತ್ತಿರುವವರು ನೀವು ಬಿಟ್ಟದ್ದನ್ನೂ ತಲೆಯಲ್ಲೇ ತುಂಬಿಕೊಂಡು ಓದುತ್ತಾರೆ, ಅವರಿಗೆ ತೂತು ಕಾಣುವುದಿಲ್ಲ. ಗೊತ್ತಿಲ್ಲದವರು ಎಲ್ಲಿ ಪುಟ ಹಿಂದೆ ತಿರುಗಿಸಿದರು ಎಂಬುದನ್ನು ಮಾತ್ರ ಗಮನಿಸಿ. ಆ ಪುಟದ ನಂಬರು ಬರೆದುಕೊಳ್ಳಿ.